ಸುಬ್ಬಿಯ ಬೆನ್ನಿಗೆ ಎರಡು ಯಂತ್ರ

ಬಂಗಡೆಯ ಕಿವಿರನ್ನು ಒಂದೇ ಬೆರಳಲ್ಲಿ ಎತ್ತಿ, ಅದು ಇವತ್ತಿನದೋ, ನಿನ್ನೆಯದೋ, ಐಸಿನೊಳಗೆ ವಾರಗಟ್ಟಲೆ ತಪಸ್ಸು ಮಾಡಿ ಬಂದ ಮಹಾನುಭಾವನೋ ಎಂದು ಹೇಳಿಬಿಡುವ ಸುಬ್ಬಿಗೆ, ಮನುಷ್ಯರ ಬೆನ್ನೊಳಗೆ ಏನಾಗಿದೆ ಎಂದು ತಿಳಿಯಲು ಕೋಣೆ ತುಂಬುವಂಥ ಯಂತ್ರ ಬೇಕು ಎಂದ ಡಾಕ್ಟರನ ಮೇಲೆ ಎಳ್ಳಷ್ಟೂ ಗೌರವ ಹುಟ್ಟಲಿಲ್ಲ. ಅಷ್ಟೊಂದು ಓದಿದವನಿಗೆ ಮುಟ್ಟಿ ನೋಡಿ ಹೇಳಲಿಕ್ಕೆ ಬರುವುದಿಲ್ಲವೆಂದರೆ ಓದಿದ್ದು ಎಂತಕ್ಕೆ ಎಂದು ಅವನ ಎದುರಿಗೇ ಕೇಳಿದಳು. ಕುಮಟಾದ ಆ ಡಾಕ್ಟರ್ ಹರಿಹರ ಇನ್ನೂ ಹುಡುಗ. (ಮದುವೆಯಾಗಿಲ್ಲ ಎಂಬುದನ್ನು ಸುಬ್ಬಿ ಒಳಗೆ ಕಾಲಿಟ್ಟ ಕೂಡಲೇ ವಿಚಾರಿಸಿಕೊಂಡಿದ್ದಳು.) ಅವನು ಅವಳನ್ನು ಅಂಗಾತ ಮಲಗಿಸಿ, ಎಡಗಾಲನ್ನು ಒಂದು ಗೇಣು ಎತ್ತಿದ. ಹೊರಗೆ ಕೂತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರು. ಸುಬ್ಬಿಯ ಕೂಗು ಅಂಥದ್ದಿತ್ತು.

ನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದಾಗ ನಿನ್ನೆಯಿಂದ ಎಂದಳು. ಮೀನಿನ ವಿಷಯದಲ್ಲಿ ಹೇಳಿ ಹೇಳಿ ಬಾಯಿಗೆ ರೂಢಿಯಾದ ಸುಳ್ಳು ಇದರ ಉಲ್ಟಾ. ಅಲ್ಲಿ ನಿನ್ನೆಯದನ್ನು ಇವತ್ತಿನದು ಅನ್ನಬೇಕು, ಇಲ್ಲಿ ತಿಂಗಳ ಹಿಂದಿನದನ್ನು ನಿನ್ನೆಯದು ಅನ್ನಬೇಕು. ಜೊತೆಗೆ ಬಂದಿದ್ದ ಸೊಸೆ ಸುಷ್ಮಾ, ದೀಪಾವಳಿಗೆ ಮೊದಲೇ ಶುರುವಾದದ್ದು, ಸೊಂಟದಿಂದ ಹಿಮ್ಮಡಿಯ ತನಕ ಕರೆಂಟು ಹೊಡೆದ ಹಾಗೆ ಆಗುತ್ತದಂತೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಡಾಕ್ಟರು ಎಂ.ಆರ್.ಐ. ಎಂದು ಬರೆದುಕೊಟ್ಟ. ನರದ ಮೇಲೆ ಏನೋ ಒತ್ತುತ್ತಿದೆ, ಬೇಗ ನೋಡಿದರೆ ಸ್ವಲ್ಪ ದಿನದ ವಿಶ್ರಾಂತಿಯಲ್ಲೇ ಮುಗಿದುಹೋಗಬಹುದು ಎಂದ. ವಿಶ್ರಾಂತಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸುಬ್ಬಿ ಸೆರಗು ಕೊಡವಿ ಎದ್ದಳು. ಏಳುವಾಗ ಗೋಡೆ ಹಿಡಿದುಕೊಂಡದ್ದನ್ನು ಯಾರೂ ನೋಡಲಿಲ್ಲ ಎಂದು ಅವಳ ಎಣಿಕೆ.

ಅವಳಿಗೆ ವಿಶ್ರಾಂತಿ ಯಾಕೆ ಬೇಡ ಎನ್ನುವುದನ್ನು ಹೇಳಬೇಕಾದರೆ ಹೊನ್ನಾವರದ ಮೀನುಪೇಟೆಗೇ ಹೋಗಬೇಕು. ಅಲ್ಲಿ ಬಾಗಿಲಿನ ಪಕ್ಕದ ಮೊದಲನೇ ಜಾಗ ಸುಬ್ಬಿಯದು. ಹಿಂದೆ ಅವಳ ಅತ್ತೆ ಕೂತಿದ್ದ ಜಾಗ. ಒಳಗೆ ಬರುವವರು ಮೊದಲು ನೋಡುವುದು ಅವಳ ಬುಟ್ಟಿ, ಹೊರಗೆ ಹೋಗುವವರು ಕೊನೆಗೆ ಕೇಳುವುದು ಅವಳ ಬೈಗುಳ. ಈ ಜಾಗಕ್ಕೆ ಕಾಗದಪತ್ರ ಎಂದು ಏನೂ ಇಲ್ಲ, ಕೂತವಳದ್ದೇ ಜಾಗ. ನಾಲ್ಕು ದಿನ ಬಾರದಿದ್ದರೆ ಪಕ್ಕದವಳ ಬುಟ್ಟಿ ಒಂದು ಗೇಣು ಸರಿಯುತ್ತದೆ. ಮತ್ತೂ ಬಾರದಿದ್ದರೆ ಬುಟ್ಟಿಯ ಹಿಂದೆ ಪಕ್ಕದವಳೂ ಸರಿಯುತ್ತಾಳೆ. ಇದು ಪೇಟೆಯ ಕಾನೂನು. ಹಿಂದಿನ ವರ್ಷ ಪಕ್ಕದ ಜಾಗದ ಗಣಪಿ ಕುತ್ತಿಗೆ ನೋವೆಂದು ಎಂ.ಆರ್.ಐ. ಮಾಡಿಸಿ, ಡಾಕ್ಟರು ಹೇಳಿದರೆಂದು ಮನೆಯಲ್ಲಿ ಮಲಗಿದ್ದಾಗ ಅವಳ ಅರ್ಧ ಜಾಗವನ್ನು ನುಂಗಿ ನೀರು ಕುಡಿದದ್ದು ಸಾಕ್ಷಾತ್ ಸುಬ್ಬಿಯೇ. ಗಣಪಿ ವಾಪಸು ಬಂದು ನೋಡಿದರೆ ಒಂದು ಬುಟ್ಟಿ ಇಡುವಷ್ಟು ಮೂಲೆ ಉಳಿದಿತ್ತು.

ಹಾಗಾಗಿ ಸುಬ್ಬಿಯ ಲೆಕ್ಕದಲ್ಲಿ ಎಂ.ಆರ್.ಐ. ಎಂದರೆ ಮಲಗುವುದು, ಮಲಗುವುದು ಎಂದರೆ ಜಾಗ ಹೋಗುವುದು. ಈಗಾಗಲೇ ಗಣಪಿಗೆ ವಾಸನೆ ಹತ್ತಿತ್ತು. ಸುಬ್ಬಿ ಚಹಾಕ್ಕೆ ಎದ್ದಾಗಲೆಲ್ಲ ಅವಳ ಸೊಂಟದ ಕಡೆಗೇ ನೋಡುತ್ತಿದ್ದಳು. ಏಳೂಕೆ ಕಷ್ಟ ಆಗ್ತದ್ಯಾ ಸುಬ್ಬಕ್ಕ ಎಂದು ಸಕ್ಕರೆ ಸುರಿಸಿ ಕೇಳುತ್ತಿದ್ದಳು. ವ್ಯಾಪಾರ ಜೋರಾಗಿದ್ದವರಿಗೆ ಏಳಲಿಕ್ಕೆ ಪುರಸೊತ್ತು ಸಿಗೂದಿಲ್ಲ, ನಿನಗೆ ಅದೆಲ್ಲ ಹೇಗೆ ಗೊತ್ತಾಗಬೇಕು ಎಂದು ಸುಬ್ಬಿ ಉತ್ತರ ಕೊಡುತ್ತಿದ್ದಳು. ಉತ್ತರ ಕೊಟ್ಟು ಮುಗಿಯುವಷ್ಟರಲ್ಲಿ ಹಿಮ್ಮಡಿಯಲ್ಲಿ ಮಿಂಚು ಹೊಡೆದು ಕಣ್ಣಲ್ಲಿ ನೀರು ಬರುತ್ತಿತ್ತು.

ಕುಮಟಾದಿಂದ ಬಸ್ಸಿನಲ್ಲಿ ಬರುವಾಗ ಸುಷ್ಮಾ ಅತ್ತೆಗೆ ತಿಳಿಹೇಳಲು ನೋಡಿದಳು. ಅವಳು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಹೋಗುವವಳು, ಇಂಥದ್ದೆಲ್ಲ ಗೊತ್ತು. ಸಿ.ಟಿ. ಎಂದರೆ ಎಕ್ಸ್-ರೇಯ ಅಣ್ಣ. ಸುತ್ತಲಿಂದ ಕಿರಣ ಬಿಟ್ಟು, ಒಳಗಿನದನ್ನು ಹೋಳು ಹೋಳಾಗಿ ತೋರಿಸುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ, ಎಲುಬಿನ ವಿಷಯಕ್ಕೆ ಅದನ್ನು ಬಿಟ್ಟರಿಲ್ಲ. ಎಂ.ಆರ್.ಐ. ಹಾಗಲ್ಲ, ಅದರಲ್ಲಿ ಕಿರಣ ಇಲ್ಲ, ದೊಡ್ಡ ಅಯಸ್ಕಾಂತ. ನಿಧಾನ, ಗದ್ದಲ, ಕೊಳವೆಯೊಳಗೆ ಅಲುಗದೆ ಮಲಗಿರಬೇಕು. ಆದರೆ ನರ, ಮಾಂಸ, ಎಲುಬಿನ ನಡುವಿನ ಮೆತ್ತೆ, ಇಂಥ ಮೆತ್ತಗಿನದ್ದೆಲ್ಲ ಅದರಲ್ಲೇ ಚಂದ ಕಾಣುವುದು. ಅತ್ತೆಯ ತಕರಾರು ಇರುವುದು ಮೆತ್ತಗಿನದರಲ್ಲಿ.

"ನನ್ನ ಮೈಯಲ್ಲಿ ಮೆತ್ತಗಿನದ್ದು ಎಂತದೂ ಇಲ್ಲ" ಎಂದಳು ಸುಬ್ಬಿ.

ಇದನ್ನು ಸುಷ್ಮಾ ಅಲ್ಲಗಳೆಯಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳ ಅನುಭವವೂ ಅದೇ ಆಗಿತ್ತು.

ಸುಬ್ಬಿ ಮಾತ್ರ ಎರಡು ಯಂತ್ರಗಳನ್ನೂ ತನ್ನ ಬುಟ್ಟಿಗೆ ಹಾಕಿ ತೂಗಿ ನೋಡಿದಳು. ಇಸ್ವಾಣ ಮೀನನ್ನು ಹೋಳು ಮಾಡಿ ಇಟ್ಟರೆ ಗಿರಾಕಿಗೆ ಮುಳ್ಳು ಎಲ್ಲಿದೆ, ಮಾಂಸ ಎಷ್ಟಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಸಿ.ಟಿ. ಎಂದರೆ ಅದೇ ಅಲ್ಲವೇ? ಕೊಯ್ಯದೆ, ಮುಟ್ಟದೆ, ಅರ್ಧ ಗಂಟೆ ಅಯಸ್ಕಾಂತ ಹಿಡಿದುಕೊಂಡು ಮೀನು ಕೊಂಡವನನ್ನು ಅವಳು ಇಷ್ಟು ವರ್ಷದಲ್ಲಿ ನೋಡಿಲ್ಲ. ಬೆಳಿಗ್ಗೆ ಹೋಗಿ ಸಂಜೆಯ ವ್ಯಾಪಾರಕ್ಕೆ ವಾಪಸು ಬರಬಹುದಾದದ್ದು ಒಳ್ಳೆಯ ಯಂತ್ರ, ಹೋದವರನ್ನು ಹಾಸಿಗೆಗೆ ಹಾಕುವುದು ಕೆಟ್ಟ ಯಂತ್ರ. ವೈದ್ಯಶಾಸ್ತ್ರವನ್ನು ಇದಕ್ಕಿಂತ ಸರಳವಾಗಿ ಯಾರೂ ಹೇಳಿರಲಾರರು ಎಂದು ಅವಳಿಗೇ ಅನ್ನಿಸಿತು.

ಮನೆ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ. ಜಗಲಿಯ ಮೇಲೆ ಗಂಡ ವೆಂಕಟ ಬಲೆ ಹೊಲಿಯುತ್ತ ಕೂತಿದ್ದ. ಒಂದು ಕಾಲಕ್ಕೆ ಬೋಟಿನ ತಾಂಡೇಲ, ಹತ್ತು ಜನರನ್ನು ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುತ್ತಿದ್ದವನು. ಈಗ ಮಗ ರಾಜೀವ ಮಲ್ಪೆಯ ಬೋಟಿಗೆ ಹೋಗುತ್ತಾನೆ, ಅಪ್ಪ ದಂಡೆಯಲ್ಲಿ ಕೂತು ಊರವರ ಬಲೆ ಸರಿಮಾಡಿ ಕೊಡುತ್ತಾನೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಸುಬ್ಬಿ ಅವನನ್ನು ಬಾಯಿ ಬಿಡದ ಬಳಚು ಎನ್ನುತ್ತಿದ್ದಳು. ಬೇಯಿಸಿದರೂ ಚಿಪ್ಪು ತೆರೆದು ಬಾಯಿ ಬಿಡದ ಬಳಚನ್ನು ಎಲ್ಲರೂ ಎಸೆಯುತ್ತಾರೆ, ತಾನಾದ್ದರಿಂದ ಎಸೆಯದೆ ಇಟ್ಟುಕೊಂಡಿದ್ದೇನೆ ಎಂದು ಪೇಟೆಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದಳು. (ಬೈಯುವಾಗಲೂ ಗಂಡನಿಗೆ ಬಹುವಚನವೇ. ಸಂಸ್ಕಾರ ಬಿಡಬಾರದಲ್ಲ.)

"ಡಾಕ್ಟರು ಎಮ್ಮಾರೈ ಅಂದ. ನಾ ಸೀಟಿ ಸಾಕು ಅಂದೆ. ನೀವು ಎಂತ ಹೇಳ್ತ್ರಿ?" ಎಂದು ಕೇಳಿದಳು. ವೆಂಕಟ ಬಲೆಯಿಂದ ತಲೆಯೆತ್ತಿ, ಸುಷ್ಮಾಳ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸುಬ್ಬಿ, ನಿಮ್ಮನ್ನು ಕೇಳಿದರೆ ಆತು ಎಂದು ಒಳಗೆ ಹೋದಳು.

ಆದರೂ ಒಳಗೊಳಗೇ ಪುಕಪುಕ ಇತ್ತು. ಡಾಕ್ಟರನನ್ನು ಮೀರುವುದು ಸುಲಭ, ಆದರೆ ತನ್ನ ಬೆನ್ನಿಗೆ ಪಾರ್ಶ್ವವಾಯು ಗೀರ್ಶ್ವವಾಯು ಆಗಿಬಿಟ್ಟರೆ? ಡಾಕ್ಟರನಿಗಿಂತ ಮೇಲಿನವರ ಒಪ್ಪಿಗೆ ಇರಲಿ ಎಂದು ಶುಕ್ರವಾರ ಅಮ್ಮನವರ ಗುಡಿಗೆ ಪ್ರಸಾದ ಕೇಳಲು ಹೋದಳು. ಬೋಟು ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಅಮ್ಮನವರನ್ನು ಕೇಳದೆ ಊರಿನಲ್ಲಿ ಯಾವುದೂ ನಡೆಯುವುದಿಲ್ಲ. ಪೂಜೆಯ ಗುನಗರು ದೇವಿಯ ಎರಡೂ ಭುಜಕ್ಕೆ ಒದ್ದೆ ಮಾಡಿದ ಹೂವಿನ ಎಸಳು ಹಚ್ಚುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ.

ಗುನಗರಿಗೆ ಎರಡು ಹೆಸರನ್ನೂ ಬಾಯಿಪಾಠ ಮಾಡಿಸುವುದೇ ಒಂದು ಕೆಲಸವಾಯಿತು. ಕೊನೆಗೆ ಅವರು ಕಣ್ಣು ಮುಚ್ಚಿ, ತಾಯಿ ಜಗದಂಬೆ, ನಿನ್ನ ಮಗಳು ಸುಬ್ಬಿ ಸೀಟಿಯೆಂಬ ಯಂತ್ರಕ್ಕೆ ಮೈಯೊಡ್ಡಿದರೆ ಸಾಕೋ, ಎಮ್ಮಾರೈಯೆಂಬ ಗುಹೆಯನ್ನೇ ಹೊಗಬೇಕೋ, ಸೀಟಿ ಸಾಕಾದರೆ ಬಲಕ್ಕೆ ಕೊಡು ಎಂದು ಗಂಭೀರವಾಗಿ ಅರಿಕೆ ಮಾಡಿದರು. ದೇವಿ ಬಹಳ ಹೊತ್ತು ಯೋಚಿಸಿದಳು. ಎಡಗಡೆಯ ಎಸಳು ಬಿತ್ತು.

ಗಾಳಿಗೆ ಬಿದ್ದದ್ದು ಎಂದಳು ಸುಬ್ಬಿ. ಇನ್ನೊಮ್ಮೆ ಹಚ್ಚಿದರು. ಮತ್ತೆ ಎಡಗಡೆಯದೇ ಬಿತ್ತು, ಈ ಸಲ ಕೇಳಿ ಮುಗಿಯುವ ಮೊದಲೇ. ಆ ಬದಿಗೆ ನೀರು ಕಮ್ಮಿ ಹಾಕಿದ್ದೀರಿ, ನಾನು ನೋಡಿದ್ದೇನೆ ಎಂದು ಸುಬ್ಬಿ ಗುನಗರ ಮೇಲೆ ಹರಿಹಾಯ್ದಳು. ಸಿಟ್ಟು ಬಂದ ಗುನಗರು ಮೂರನೇ ಸಲ ಎಸಳನ್ನು ನೀರಲ್ಲಿ ಚೆನ್ನಾಗಿ ಅದ್ದಿ, ಒತ್ತಿ, ಗಾರೆ ಹಾಕಿದ ಹಾಗೆ ಮೆತ್ತಿಬಿಟ್ಟರು. ಅರ್ಧ ತಾಸು ಕಾದರೂ ಯಾವುದೂ ಬೀಳಲಿಲ್ಲ. ಸುಬ್ಬಿ ಅಡ್ಡಬಿದ್ದು ಎದ್ದಳು. ಸುಮ್ಮನಿದ್ದರೆ ಒಪ್ಪಿದ ಹಾಗೆ ಎನ್ನುವುದು ಅವಳ ನಂಬಿಕೆ. ಗಂಡನ ಜೊತೆ ಇಷ್ಟು ವರ್ಷ ಸಂಸಾರ ನಡೆದಿದ್ದೇ ಆ ಸಿದ್ಧಾಂತದ ಮೇಲೆ.

ಸಿ.ಟಿ.ಗೆ ಭಟ್ಕಳಕ್ಕೆ ಹೋದಳು. ಅಲ್ಲಿನ ಒಬ್ಬ ಮುದಿ ಎಲುಬಿನ ಡಾಕ್ಟರರ ಹತ್ತಿರ, ಮೆಟ್ಟಿಲಿನಿಂದ ಜಾರಿ ಬಿದ್ದೆ, ಎಲುಬೇ ಮುರಿದಿರಬೇಕು ಎಂದು ಅತ್ತು ಕರೆದು ಬರೆಸಿಕೊಂಡಳು. ಕೌಂಟರಿನ ಹುಡುಗಿಯ ಹತ್ತಿರ ಪೇಟೆಯಲ್ಲಿ ಕಲಿತ ಉರ್ದುವಿನಲ್ಲಿ ಮಾತಾಡಿ, ಅವಳ ತಾಯಿ ಯಾವ ಮೀನು ಹೆಚ್ಚು ಒಯ್ಯುತ್ತಾಳೆ ಎಂಬುದನ್ನೂ ತಿಳಿದುಕೊಂಡಳು. ಒಳಗೆ ದೊಡ್ಡ ಚಕ್ಕುಲಿಯಂಥದೊಂದು ಬಳೆ ನಿಂತಿತ್ತು. ಹಲಗೆಯ ಮೇಲೆ ಮಲಗಿಸಿದರು, ಹಲಗೆ ಬಳೆಯೊಳಗೆ ಹೋಯಿತು, ಬಂತು, ಉಸಿರು ಹಿಡಿ ಎಂದರು, ಬಿಡು ಎಂದರು. ಮುಗಿಯಿತು. ಇಷ್ಟೆಯಾ ಎಂದು ಸುಬ್ಬಿ ಕೇಳಿದಳು. ಇದಕ್ಕಿಂತ ಹೆಚ್ಚು ಹೊತ್ತು ತಾನು ಒಂದು ಸಿಗಡಿಯ ಸಿಪ್ಪೆ ತೆಗೆಯಲಿಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಸೀರೆ ಸರಿಮಾಡಿಕೊಂಡಳು.

ಮುದಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಎಲುಬು ಮುರಿದಿಲ್ಲ, ಅದು ಗಟ್ಟಿಯಾಗಿದೆ, ಆದರೆ ನೋವು ಕಾಲಿಗೆ ಇಳಿಯುತ್ತಿದೆ ಎಂದಾದರೆ ನರದ್ದು ಇರಬಹುದು, ಅದಕ್ಕೆ ಎಂ.ಆರ್.ಐ. ಮಾಡಿಸಿದರೇ ಸರಿಯಾಗಿ ಗೊತ್ತಾಗುವುದು ಎಂದರು. ಎಲುಬು ಗಟ್ಟಿಯಾಗಿದೆ ಎಂಬಲ್ಲಿಗೆ ಸುಬ್ಬಿಯ ಕಿವಿ ಮುಚ್ಚಿಕೊಂಡಿತು. ಆದರೆ ಎಂದು ಶುರುವಾಗುವ ಮಾತನ್ನೆಲ್ಲ ಅವಳು ಗಿರಾಕಿಗಳ ಚೌಕಾಶಿಯ ಸಾಲಿಗೇ ಸೇರಿಸುತ್ತಿದ್ದಳು.

ಮಾರನೇ ದಿನ ಫಿಲ್ಮು ಮೀನುಪೇಟೆಗೆ ಬಂತು. ಬಂದ ಬಂದ ಗಿರಾಕಿಗಳಿಗೆ ಅದನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಒಂದಾದರೂ ಮುಳ್ಳು ಸೊಟ್ಟ ಇದೆಯೇ ನೋಡಿ, ಕಡಲಿನ ಮಾಲು ತಿಂದು ಬೆಳೆದ ಎಲುಬು ಎಂದಳು. ಡಾಕ್ಟರರ ಮಾತು ಕೇಳಿ ಗುಹೆಗೆ ಹೊಕ್ಕು, ಬಂದು ಮಲಗಿ, ಜಾಗ ಕಳೆದುಕೊಂಡವರನ್ನು ಹೆಸರು ಹೇಳದೆ, ಆದರೆ ಅವರ ಕಡೆಗೇ ತಿರುಗಿ ಹಂಗಿಸಿದಳು. ಗಣಪಿ ಫಿಲ್ಮನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದಳು.

"ಮುಳ್ಳು ಚಲೋ ಅದೆ ಸುಬ್ಬಕ್ಕ" ಎಂದಳು. "ಮಾಂಸದ್ದೆಂತ?"

ಪೇಟೆಯಲ್ಲಿ ನಗು ಎದ್ದಿತು. ಸುಬ್ಬಿಗೆ ಮೈಯೆಲ್ಲ ಉರಿದುಹೋಯಿತು. ಟೆಂಪೋದಿಂದ ಇಳಿಸಿದ ತಾರ್ಲೆ ಮೀನು ತುಂಬಿದ ಬುಟ್ಟಿಯೊಂದು ಅಲ್ಲೇ ಇತ್ತು, ಇಬ್ಬರು ಕೈಹಚ್ಚಿ ತಲೆಗೆ ಏರಿಸುವಂಥದ್ದು. ಇಗೋ ನೋಡು ಮಾಂಸದ್ದು ಎಂದು ಸುಬ್ಬಿ ಸೆರಗು ಕಟ್ಟಿ, ಬಗ್ಗಿ, ಒಬ್ಬಳೇ ಬುಟ್ಟಿಗೆ ಕೈಹಾಕಿ ಎತ್ತಿದಳು. ಬುಟ್ಟಿ ಮೊಣಕಾಲಿನ ತನಕ ಬಂತು. ಅಲ್ಲಿಂದ ಬುಟ್ಟಿ ಕೆಳಗೆ ಹೋಯಿತು, ಸುಬ್ಬಿ ಮಾತ್ರ ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ.

ಅವಳನ್ನು ಹಾಗೇ ಬಗ್ಗಿದ ಭಂಗಿಯಲ್ಲೇ ಎತ್ತಿಕೊಂಡು ಹೋಗಿ ರಿಕ್ಷಾದಲ್ಲಿ ಇಟ್ಟರು. ಕೂರಿಸಿದರು ಎನ್ನುವ ಹಾಗಿಲ್ಲ, ಮಲಗಿಸಿದರು ಎನ್ನುವ ಹಾಗೂ ಇಲ್ಲ. ಎತ್ತಿದವರಲ್ಲಿ ಮುಂದಿದ್ದವಳು ಗಣಪಿ. ರಿಕ್ಷಾ ಹೊರಡುವಾಗ ಸುಬ್ಬಿಗೆ ಕಂಡದ್ದು ನೆಲ, ಮೀನಿನ ನೀರು, ಮತ್ತು ತನ್ನ ಜಾಗದ ಕಡೆಗೆ ವಾಪಸು ಹೋಗುತ್ತಿದ್ದ ಗಣಪಿಯ ಎರಡು ಹಿಮ್ಮಡಿ. ನೋವಿಗಿಂತ ಅದಕ್ಕೇ ಅವಳು ಗಟ್ಟಿಯಾಗಿ ಅತ್ತಳು.

ಇನ್ನು ಎಂ.ಆರ್.ಐ. ತಪ್ಪಲಿಲ್ಲ. ಕುಮಟಾದ ಸ್ಕ್ಯಾನ್ ಸೆಂಟರಿನಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು, ಒಳಗಿನ ಅಯಸ್ಕಾಂತ ಯಾರ ಮುಲಾಜೂ ನೋಡುವುದಿಲ್ಲ ಎಂದರು. ಸುಷ್ಮಾ ಒಂದೊಂದಾಗಿ ಕಳಚುತ್ತ ಹೋದಳು. ಕಿವಿಯದು, ಕಾಲುಂಗುರ, ಮುಡಿಯಲ್ಲಿ ಅಡಗಿದ್ದ ಹೇರ್‌ಪಿನ್ನುಗಳ ಒಂದು ಗುಡ್ಡೆ. ಮೂಗುತಿಯ ತಿರುಪು ಮದುವೆಯ ದಿನ ಕೂತದ್ದು, ಎಣ್ಣೆ ಹಚ್ಚಿ ಸೋಪು ಹಚ್ಚಿ ತಿರುಗಿಸುವಾಗ ಸುಬ್ಬಿ ಆ ಸೆಂಟರಿನ ಮೂರು ತಲೆಮಾರನ್ನು ಸ್ಮರಿಸಿದಳು. ಕೊನೆಗೆ ಉಳಿದದ್ದು ಕೊರಳಿನ ಕರಿಮಣಿ ಸರ. ಅದಕ್ಕೆ ಒಂದು ತಾಳಿ, ಎರಡು ಗುಂಡು, ಮತ್ತು ತೊಂದರೆಗೆ ಆಗುತ್ತದೆಂದು ಸಿಕ್ಕಿಸಿಟ್ಟ ಸೇಫ್ಟಿ ಪಿನ್ನುಗಳ ಒಂದು ಗೊಂಚಲು. ಅದನ್ನು ಮಾತ್ರ ಗಂಡ ಬದುಕಿರುವ ತನಕ ತೆಗೆಯುವುದಿಲ್ಲ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮೂಲೆಯಲ್ಲಿ ನಿಂತಿದ್ದ ವೆಂಕಟ ಎರಡು ಹೆಜ್ಜೆ ಮುಂದೆ ಬಂದ.

"ನಾ ಇಲ್ಲೇ ಇದ್ದೆನಲ್ಲ. ತೆಗಿ" ಎಂದ.

ಸುಬ್ಬಿ ತೆಗೆದು ಅವನ ಕೈಯಲ್ಲೇ ಇಟ್ಟಳು. ಯಾಕೆ ಇಟ್ಟೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ.

ಒಳಗೆ ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ರಬ್ಬರಿನ ಉಂಡೆ ಕೊಟ್ಟು, ತೀರ ಸಂಕಟವಾದರೆ ಮಾತ್ರ ಒತ್ತಿ ಎಂದು ಕೊಳವೆಯೊಳಗೆ ದೂಡಿದರು. ಮೂಗಿನ ಮೇಲೇ ಛಾವಣಿ. ಗದ್ದಲ ಶುರುವಾಯಿತು, ಕೆಟ್ಟ ಇಂಜಿನ್ನಿನ ಬೋಟೊಂದು ತಲೆಯೊಳಗೇ ಹೊರಟ ಹಾಗೆ. ಸುಬ್ಬಿ ಅದಕ್ಕೆ ಎದುರುತ್ತರ ಕೊಡಲು ಬಾಯಿ ತೆರೆದಳು. ಇಡೀ ಮೀನುಪೇಟೆಯನ್ನು ಅಡಗಿಸಿದ ಆ ಧ್ವನಿ ಅವಳ ಕಿವಿಗೇ ಬೀಳಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವಳ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಉಂಡೆ ಒತ್ತಿದಳು. ಯಂತ್ರ ನಿಲ್ಲಿಸಿ ಎಂತ ಆತು ಎಂದು ವಿಚಾರಿಸಿದರು. ಮುಗೀತಾ ಎಂದು ಕೇಳಿದಳು. ಅಲುಗಿದ್ದರಿಂದ ಮತ್ತೆ ಮೊದಲಿನಿಂದ ಆಗಬೇಕು ಎಂದರು. ಕೊನೆಗೆ ಕಣ್ಣು ಮುಚ್ಚಿ, ಗಣಪಿಯನ್ನು ಮನಸ್ಸಿನಲ್ಲೇ ಬೈಯಲು ಶುರುಮಾಡಿದ ಮೇಲೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಡಾಕ್ಟರ್ ಹರಿಹರ ಈ ಫಿಲ್ಮಿನಲ್ಲಿ ಬೆರಳಿಟ್ಟು ತೋರಿಸಿದ. ಎಲುಬುಗಳ ನಡುವಿನ ಮೆತ್ತೆ ಜಾರಿ ಹೊರಗೆ ಬಂದು ನರವನ್ನು ಒತ್ತಿ ಹಿಡಿದಿತ್ತು. ಮೊದಲೇ ಬಂದಿದ್ದರೆ ಸ್ವಲ್ಪ ದಿನದ ಮಾತು. ಈಗ ಬುಟ್ಟಿ ಎತ್ತುವ ಸಾಹಸ ಬೇರೆ ಆಗಿದೆ, ಸಂಕ್ರಾಂತಿಯ ತನಕ ಗಟ್ಟಿ ಹಲಗೆಯ ಮೇಲೆ ಮಲಗಿರಬೇಕು, ನೆಲದ ಮೇಲೆ ಕೂರುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಇಲ್ಲದಿದ್ದರೆ ಆಪರೇಷನ್ನೇ ಗತಿ ಎಂದ. ಸುಬ್ಬಿ ಬೆನ್ನಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ಜಾಗ ಎಂದಳು, ಮತ್ತೆ ನನ್ನ ಜಾಗ ಎಂದಳು. ಡಾಕ್ಟರು ಅದು ಯಾವ ಅವಯವ ಎಂದು ತಿಳಿಯದೆ ಸುಷ್ಮಾಳ ಮುಖ ನೋಡಿದ.

"ನಾ ಕೂತ್ಕಳ್ತೆ" ಎಂದ ವೆಂಕಟ.

ಗಂಡಸರು ಮೀನು ಹಿಡಿಯಬಹುದು, ತರಬಹುದು, ತಿನ್ನಬಹುದು. ಪೇಟೆಯಲ್ಲಿ ಹೆಂಗಸರ ಸಾಲಿನಲ್ಲಿ ಬುಟ್ಟಿಯ ಹಿಂದೆ ಕೂತು ಮಾರುವುದನ್ನು ಯಾರೂ ಕಂಡಿಲ್ಲ. ಬಾಯಿ ಬಿಡದ ಬಳಚನ್ನು ಯಾರು ಕೊಳ್ಳುತ್ತಾರೆ ಎಂದು ಸುಬ್ಬಿ ಮನೆಗೆ ಬಂದು ಹಲಗೆಯ ಮೇಲೆ ಮಲಗಿಕೊಂಡೇ ಹಣೆ ಚಚ್ಚಿಕೊಂಡಳು. ಆದರೆ ಬೇರೆ ದಾರಿ ಇರಲಿಲ್ಲ. ಆ ಸಂಜೆಯೆಲ್ಲ ಅವನಿಗೆ ಪಾಠ ಮಾಡಿದಳು. ಯಾವುದನ್ನು ಕೇಳಿದರೂ ಈಗ ಬಂದದ್ದು ಅನ್ನಬೇಕು. ಕೊಸರು ಎಂದು ಒಂದು ಮೀನೂ ಹೆಚ್ಚಿಗೆ ಹಾಕಬಾರದು. ನಾಗಮ್ಮ ಅಕ್ಕೋರು, ಅದೇ ರಿಟೈರಾದ ಟೀಚರು, ಕಿವಿರಿಗೆ ಕೈಹಾಕಲು ಬಂದರೆ ಕೈಮೇಲೆ ಹೊಡೆಯಬೇಕು. ಗಣಪಿಯ ಜೊತೆ ಮಾತು ಕೂಡದು, ಅವಳ ಬುಟ್ಟಿ ಒಂದು ಬೆರಳು ಈಚೆ ಬಂದರೂ ಕೂಗು ಹಾಕಬೇಕು. ವೆಂಕಟ ಎಲ್ಲದಕ್ಕೂ ತಲೆ ಆಡಿಸಿದ. ಸುಮ್ಮನಿದ್ದರೆ ಒಪ್ಪಿದ ಹಾಗೆ.

ಮೊದಲ ದಿನ ಅವನು ಮಧ್ಯಾಹ್ನಕ್ಕೆ ಖಾಲಿ ಬುಟ್ಟಿ ತಂದ. ಹೊಳೆಗೆ ಚೆಲ್ಲಿ ಬಂದಿರಬೇಕು ಎಂದು ಸುಬ್ಬಿ ತಿಳಿದಳು. ಆದರೆ ದುಡ್ಡಿನ ಚೀಲ ಹಗುರವಾಗಿರಲಿಲ್ಲ. ಹೇಗಾಯಿತು ಎಂದು ಕೇಳಿದರೆ ಹೂಂ ಎಂದ. ಗಣಪಿ ಎಂತ ಮಾಡಿದಳು ಎಂದು ಕೇಳಿದರೆ ಚಹಾ ತರಿಸಿದಳು ಎಂದ. ಬರುಬರುತ್ತ ಅವನು ಇನ್ನೂ ಬೇಗ ಬರತೊಡಗಿದ, ಬುಟ್ಟಿ ದಿನವೂ ಖಾಲಿ. ಹೊಸದಾಗಿ ಕೂತವನೆಂದು ಜನ ಕರುಣೆಯಿಂದ ಕೊಳ್ಳುತ್ತಿದ್ದಾರೆ, ತಾನು ಹೋಗಿ ಕೂತ ದಿನ ನಿಜವಾದ ವ್ಯಾಪಾರ ಎಂದರೆ ಎಂತ ಎಂದು ಇವರಿಗೆಲ್ಲ ಗೊತ್ತಾಗುತ್ತದೆ ಎಂದು ಅವಳು ಹಲಗೆಯ ಮೇಲಿಂದಲೇ ಸಮಾಧಾನ ಮಾಡಿಕೊಂಡಳು.

ಸಂಕ್ರಾಂತಿ ಕಳೆಯಿತು. ಡಾಕ್ಟರು ಕಾಲೆತ್ತಿ ನೋಡಿದ. ಈ ಸಲ ರೋಗಿಗಳು ಯಾರೂ ಓಡಲಿಲ್ಲ. ಭಾರ ಎತ್ತದೆ, ಎತ್ತರದ ಸ್ಟೂಲಿನ ಮೇಲೆ ಕೂತು ವ್ಯಾಪಾರ ಮಾಡಬಹುದು ಎಂದ. ಮಾರನೇ ಬೆಳಿಗ್ಗೆ ಸುಬ್ಬಿ ಹೂ ಮುಡಿದು, ಯುದ್ಧಕ್ಕೆ ಹೊರಟವಳ ಹಾಗೆ ಪೇಟೆಗೆ ಹೋದಳು. ಜಾಗ ಇದ್ದಲ್ಲೇ ಇತ್ತು. ಗಣಪಿಯ ಬುಟ್ಟಿ ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮೇಲೆ ಹೊಸದಾಗಿ ತಾಡಪಾಲು ಕಟ್ಟಿತ್ತು, ಬಲೆಯ ಗಂಟು ಹಾಕಿ, ಎರಡೂ ಜಾಗಕ್ಕೆ ನೆರಳು ಬರುವ ಹಾಗೆ. ಯಾರು ಕಟ್ಟಿದ್ದು ಎಂದು ಕೇಳುವ ಅಗತ್ಯ ಇರಲಿಲ್ಲ.

"ಇಷ್ಟು ಬೇಗ ಎಂತಕೆ ಬಂದ್ಯೆ ಸುಬ್ಬಕ್ಕ" ಎಂದಳು ಗಣಪಿ. "ಇನ್ನೂ ನಾಕು ದಿನ ಮಲಗಬಹುದಿತ್ತು." ಅವಳ ದನಿಯಲ್ಲಿ ಕುಹಕವೇ ಇರಲಿಲ್ಲ. ನಿಜವಾಗಿ ಬೇಸರವಾದವರು ಮಾತಾಡುವ ಹಾಗೆ ಇತ್ತು.

ಗಿರಾಕಿಗಳು ಬಾಗಿಲಲ್ಲಿ ಕಾಲಿಟ್ಟು, ಸ್ಟೂಲಿನ ಮೇಲೆ ಸುಬ್ಬಿಯನ್ನು ಕಂಡು, ಒಂದು ಗಳಿಗೆ ತಡೆದು, ಹುಷಾರಾದ್ಯಾ ಎಂದು ಕೇಳಿ, ಒಳಗಿನ ಸಾಲಿಗೆ ಹೋದರು. ನಾಗಮ್ಮ ಅಕ್ಕೋರು ಮಾತ್ರ ಬುಟ್ಟಿಯ ಎದುರು ನಿಂತು, ಕನ್ನಡಕ ಮೇಲೇರಿಸಿ, ಬಂಗಡೆ ಯಾವತ್ತಿನದು ಎಂದರು. ಈಗ ಬಂದದ್ದು, ಮುಟ್ಟಿದರೆ ಹಾರುತ್ತದೆ ಎಂದು ಸುಬ್ಬಿ ಹಳೆಯ ರಾಗ ತೆಗೆದಳು.

"ವೆಂಕಟ ಆದ್ರೆ ಇವತ್ತಿಂದು ಬೇರೆ, ನಿನ್ನೇದು ಬೇರೆ ಇಡ್ತಿದ್ದ" ಎಂದರು ಅಕ್ಕೋರು. "ಕೇಳಿದ್ರೆ ಇದ್ದದ್ದು ಹೇಳ್ತಿದ್ದ. ಕೇಳ್ದೆ ಇದ್ರೆ ಸುಮ್ನೆ ಕೊಡ್ತಿದ್ದ. ನಂಗೆ ಈ ವಯಸ್ಸಲ್ಲಿ ಬೈಸಿಕೊಳ್ಳದೆ ಮೀನು ತಗೊಂಡು ಹೋದದ್ದು ಈ ಎರಡು ತಿಂಗಳೇ ಮಾರಾಯ್ತಿ. ನಾಳೆ ಅಂವ ಬರ್ತಾನ್ಯಾ?"

ಮಧ್ಯಾಹ್ನವಾದರೂ ಬುಟ್ಟಿ ಅರ್ಧಕ್ಕೆ ಇಳಿಯಲಿಲ್ಲ. ಗಣಪಿಯದು ಖಾಲಿಯಾಗಿ, ಅವಳು ಬುಟ್ಟಿ ತೊಳೆದು ಮಗುಚಿಟ್ಟಳು. ಮೊದಲನೇ ಜಾಗ, ಅತ್ತೆಯ ಜಾಗ, ಯಾರೂ ಕದಿಯದೆ ಉಳಿದ ಜಾಗ. ಅದರ ಮೇಲೆ ಎತ್ತರದ ಸ್ಟೂಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮಾರದ ಬಂಗಡೆಯ ಎದುರು ಸುಬ್ಬಿ ಕೂತಿದ್ದಳು. ಬೈಯಬೇಕೆಂದರೆ ಎದುರಿಗೆ ಯಾರೂ ನಿಲ್ಲುತ್ತಿರಲಿಲ್ಲ. ಅವಳಿಗೆ ಅವಮಾನವಾಯಿತು, ಹೊಟ್ಟೆ ಉರಿಯಿತು, ಅಳುವೂ ಬಂತು, ಮತ್ತು ಅದೆಲ್ಲ ತನ್ನ ಸ್ವಂತ ಗಂಡನ ಮೇಲೆ ಎಂಬುದರಿಂದ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಆ ಸಂಜೆ ಜಗಲಿಯಲ್ಲಿ, ಎರಡು ತಿಂಗಳು ಆ ಜನಕ್ಕೆ ಎಂತ ಮಂಕುಬೂದಿ ಎರಚಿದಿರಿ ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ವೆಂಕಟ ಬಲೆಯ ಗಂಟು ಬಿಗಿದು, ಅವ್ರು ಕೇಳ್ದ್ರು, ಇದ್ದದ್ದು ಹೇಳ್ದೆ, ಮತ್ತೆಂತ ಎಂದ. ಸುಬ್ಬಿ ಊಟ ಮಾಡದೆ ಮಲಗಿದಳು.

ಬೆಳಿಗ್ಗೆ ಎಷ್ಟು ಹೊತ್ತಾದರೂ ಅವಳು ಏಳಲಿಲ್ಲ. ಬೆನ್ನು ಮತ್ತೆ ಹೋಯಿತು ಎಂದು ನರಳಿದಳು. ತಿಂಗಳುಗಟ್ಟಲೆ ನಿಜವಾದ ನೋವನ್ನು ಮುಚ್ಚಿಟ್ಟವಳಿಗೆ ಇಲ್ಲದ ನೋವನ್ನು ತೋರಿಸುವ ಅಭ್ಯಾಸ ಇರಲಿಲ್ಲ. ಬಲತೊಡೆ ಹಿಡಿದುಕೊಂಡಿದ್ದಳು. ನೋವು ಇದ್ದದ್ದು ಎಡಗಾಲಿಗಲ್ವಾ ಅತ್ತೆ ಎಂದು ಸುಷ್ಮಾ ಕೇಳಿದಳು. ರಾತ್ರಿಯಿಂದ ಈಚೆ ಬದಿಗೆ ಬಂದಿದೆ, ನಾನು ಇನ್ನು ಪೇಟೆಯಲ್ಲಿ ಕೂರುವುದು ಕಂಡದ್ದೇ, ಅವರೇ ಹೋಗಲಿ, ಪಾಪ ನಾಗಮ್ಮ ಅಕ್ಕೋರು ಕಾಯುತ್ತಿರಬೇಕು ಎಂದಳು ಸುಬ್ಬಿ. ಸುಷ್ಮಾ ಹಲ್ಲು ಕಚ್ಚಿ ನಗು ತಡೆದುಕೊಂಡಳು.

ವೆಂಕಟ ಆಗಲೇ ಬುಟ್ಟಿ ತೆಗೆದುಕೊಂಡು ಬಾಗಿಲ ತನಕ ಹೋಗಿದ್ದ. ಹೆಂಡತಿಯ ನರಳಾಟ ಕೇಳಿ ನಿಂತ. ಅವನಿಗೆ ನಿಜವಾಗಿ ಗಾಬರಿಯಾಗಿತ್ತು. ಬುಟ್ಟಿ ಕೆಳಗಿಟ್ಟು ಒಳಗೆ ಬಂದು, ಹುಟ್ಟಿದ ಮೇಲೆ ಒಟ್ಟಿಗೆ ಆಡಿರದಷ್ಟು ಮಾತನ್ನು ಆಡಿದ.

"ಇವತ್ತು ಪೇಟೆ ಬೇಡ. ಕುಮಟಾಕ್ಕೆ ಹೋಗಿ ಮತ್ತೊಂದ್ಸಲ ಎಮ್ಮಾರೈ ಮಾಡ್ಸುವ. ಅದ್ರಲ್ಲಿ ಒಳಗಿದ್ದದ್ದೆಲ್ಲ ಇದ್ದ ಹಾಂಗೆ ಕಾಣ್ತದೆ."

ಸುಬ್ಬಿ ದಡಕ್ಕನೆ ಎದ್ದು ಕೂತಳು. ಗೋಡೆ ಹಿಡಿಯಲಿಲ್ಲ, ಮಂಚ ಹಿಡಿಯಲಿಲ್ಲ, ನರಳಲೂ ಇಲ್ಲ.

"ಎಮ್ಮಾರೈ ಎಲ್ಲ ಬೇಡ" ಎಂದಳು. "ಸೀಟಿ ಸಾಕು."